ಎಡಗಡೆಯ ಸ್ಪೀಕರ್

ನನ್ನ ನಾದಿನಿಯ ಬಾಯಿಗೆ ಬೀಗ ಹಾಕುವುದು ಅವಳ ಅಣ್ಣನಿಂದ, ಅಂದರೆ ನನ್ನ ಗಂಡನಿಂದ, ಇವತ್ತಿನವರೆಗೂ ಆಗಿಲ್ಲ. ಮೂವತ್ತು ವರ್ಷಗಳಿಂದ ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಸ್ಟೀರಿಯೋಗಳನ್ನು ರಿಪೇರಿ ಮಾಡುತ್ತಾಳೆ. ಕಿಟಕಿಯ ಪಕ್ಕ ಅವಳ ಮೇಜು. ಗೋಡೆಯುದ್ದಕ್ಕೂ ಕಂಡವರ ಆಂಪ್ಲಿಫೈಯರ್‌ಗಳು. ಧೂಳು ಒರೆಸಲು ಹೋದರೆ ನನಗೆ ಬೈಗುಳ.

ಆ ದಿನ ನಿವೃತ್ತ ಸಂಗೀತ ಮೇಷ್ಟ್ರು ಅದೇ ಆಂಪ್ಲಿಫೈಯರನ್ನು ಮೂರನೇ ಸಲ ಹೊತ್ತು ತಂದರು.

"ಅರ್ಧ ಗಂಟೆ ಆಗೋದ್ರೊಳಗೆ ಎಡಗಡೆ ಸ್ಪೀಕರ್ ಮೂಕಾಗುತ್ತಮ್ಮಾ. ನಿಮ್ಮಲ್ಲಿ ಹಾಡುತ್ತೆ, ನಮ್ಮಲ್ಲಿ ಮುನಿಸ್ಕೊಳ್ಳುತ್ತೆ. ಈ ಸಲಾನೂ ಆಗಲಿಲ್ಲ ಅಂದ್ರೆ ಗುಜರಿಗೇ ಹಾಕಿಬಿಡ್ತೀನಿ."

ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು ಇವಳಿಗೆ.

"ಇದು ನಾಲ್ಕನೇ ಸಲ ಈ ಮೇಜಿಗೆ ಬಂದ್ರೆ, ಹೊರಗಿನ ರಿಪೇರಿ ಬೋರ್ಡು ನಾನೇ ಇಳಿಸ್ತೀನಿ!"

ಆಡಿದ ಮಾತಿನಿಂದ ಹಿಂದೆ ಸರಿಯುವ ಜಾತಿಯಲ್ಲ ಅವಳು. ಆ ಮೇಜೊಂದು ಹೋದರೆ ಅವಳಿಗೆ ಉಳಿಯುವುದಾದರೂ ಏನು? ನನಗೆ ನಿಜಕ್ಕೂ ಭಯವಾಯಿತು.

ಎರಡು ದಿನ ಅವಳು ಊಟದ ಪರಿವೆಯಿಲ್ಲದೆ ಕೂತಳು. ಎಂದಿನಂತೆ ಮುಚ್ಚಳ ಬಿಚ್ಚಿಟ್ಟು, ಮರದ ಕಡ್ಡಿಯಿಂದ ಒಂದೊಂದೇ ಭಾಗವನ್ನು ತಟ್ಟಿ ನೋಡಿದಳು. ಅನುಮಾನ ಬಂದ ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದಳು. ಆ ಪೆಟ್ಟಿಗೆಯೋ, ಏನೂ ಅರಿಯದ ಮಗುವಿನ ಹಾಗೆ ದಿನವಿಡೀ ಎರಡೂ ಕಡೆ ಹಾಡಿತು. ತಪ್ಪಿದ್ದರಲ್ಲವೇ ತಿದ್ದುವುದು?

ಮೂರನೇ ದಿನ ಆಂಪ್ಲಿಫೈಯರನ್ನೂ ನನ್ನನ್ನೂ ಆಟೋದಲ್ಲಿ ತುಂಬಿಕೊಂಡು ಮೇಷ್ಟ್ರ ಮನೆಗೇ ಹೊರಟಳು. ಅವರು ಅದನ್ನು ಗಾಜಿನ ಬೀರುವಿನೊಳಗೆ ಇಟ್ಟು ಕೇಳುತ್ತಿದ್ದರು. ಇಪ್ಪತ್ತೈದು ನಿಮಿಷಕ್ಕೆ ಸರಿಯಾಗಿ ಎಡಗಡೆ ಗಪ್‌ಚಿಪ್. ಇವಳು ಬಗ್ಗಿ ಮುಚ್ಚಳದ ಮೇಲೆ ಅಂಗೈ ಇಟ್ಟವಳು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು, ಹಣೆ ಹಣೆ ಚಚ್ಚಿಕೊಂಡಳು.

"ಅತ್ತಿಗೆ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ! ನಾನು ಯಾವಾಗಲೂ ಮುಚ್ಚಳ ತೆಗೆದೇ ಪರೀಕ್ಷೆ ಮಾಡ್ತೀನಿ. ಇವರು ಮುಚ್ಚಿ ಕೇಳ್ತಾರೆ. ನನ್ನ ಮೇಜಿನ ಮೇಲೆ ಇದಕ್ಕೆ ಬಿಸಿನೇ ತಾಗಲ್ಲ!"

ಮನೆಗೆ ಬಂದವಳೇ ಮುಚ್ಚಳ ಹಾಕಿ, ಮೇಲೆ ನನ್ನ ಒಳ್ಳೆಯ ಕಂಬಳಿ ಹೊದಿಸಿ, ಅದರ ಮುಂದೆ ಕಾವಲು ಕೂತಳು. ಎಡಗಡೆ ಮೂಕಾಯಿತೋ ಇಲ್ಲವೋ, ಕಂಬಳಿ ಕಿತ್ತು ಮುಚ್ಚಳ ತೆಗೆದು, ತಣ್ಣಗೆ ಮಾಡುವ ಸ್ಪ್ರೇಯನ್ನು ಒಂದೊಂದೇ ಭಾಗದ ಮೇಲೆ ಚಿಮುಕಿಸುತ್ತ ಹೋದಳು. ಒಂದು, ಎರಡು, ಆರು. ಏಳನೆಯದು ಬಟಾಣಿ ಕಾಳಿನಷ್ಟು ಟ್ರಾನ್ಸಿಸ್ಟರ್. ಅದಕ್ಕೆ ತಂಪು ತಾಗಿದ್ದೇ ತಡ, ಎಡಗಡೆಯ ಸ್ಪೀಕರ್ ಬಾಯಿ ಬಿಟ್ಟಿತು.

"ಸಿಕ್ಕಿಬಿದ್ಯಾ ಕಳ್ಳಾ!" ಎಂದು ಅವಳು ಕಿರುಚಿದ್ದಕ್ಕೆ ನನ್ನ ಗಂಡ ಒಳಗಿಂದ ಓಡಿ ಬಂದರು. ನನಗೆ ಅಳುವೇ ಬಂದುಬಿಟ್ಟಿತು.

ಹೊಸ ಟ್ರಾನ್ಸಿಸ್ಟರ್ ಹಾಕಿ ಮತ್ತೆ ಮೇಷ್ಟ್ರ ಬೀರುವಿಗೆ ಸೇರಿಸಿದೆವು. ಮೂವರೂ ಗಡಿಯಾರ ನೋಡುತ್ತ ಕೂತೆವು. ಇಪ್ಪತ್ತೈದು ನಿಮಿಷ ಕಳೆಯಿತು. ಮುಕ್ಕಾಲು ಗಂಟೆ. ಒಂದೂವರೆ ಗಂಟೆಯಾದರೂ ಎರಡೂ ಕಡೆ ವೀಣೆ ನುಡಿಯುತ್ತಲೇ ಇತ್ತು.

"ಏನಾಗಿತ್ತಮ್ಮಾ ಇದಕ್ಕೆ?" ಎಂದರು ಮೇಷ್ಟ್ರು.

ಅರ್ಧ ಸತ್ಯ ಹೇಳಿ ಜಾರಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಒಂದು ಟ್ರಾನ್ಸಿಸ್ಟರ್ ಕಾದ್ರೆ ಕೈ ಕೊಡ್ತಿತ್ತು ಸಾರ್. ಎರಡು ಸಲ ಹಿಡೀದೇ ಹೋಗಿದ್ದು ಮಾತ್ರ ಪೂರ್ತಿ ನನ್ನ ತಪ್ಪು."

"ತಪ್ಪು ಒಪ್ಪಿಕೊಳ್ಳೋರು ಇಷ್ಟು ಜೋರಾಗಿ ನಗ್ತಾರೇನಮ್ಮಾ?"

"ಗೆದ್ದಿದ್ದೀನಲ್ಲ ಸಾರ್!" ಎಂದವಳೇ ಎದ್ದುಹೋಗಿ, ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕುವವರೆಗೂ ವಾಲ್ಯೂಮ್ ತಿರುಗಿಸಿದಳು.