ಈ ಕೈ ನೋಡ್ರಿ

ರಾಂಪುರದ ಕ್ಲಿನಿಕ್ಕಿನಲ್ಲಿ ಒಬ್ಬ ಕಾಂಪೌಂಡರ್ ಇದ್ದರು. ಇಂಜೆಕ್ಷನ್‌ಗೆ ಹೆದರುವವರು ಬಂದರೆ ಜೇಬಿನಿಂದ ಇಸ್ಪೀಟು ಕಟ್ಟು ತೆಗೆದು, "ಒಂದು ಎಲೆ ತಗೀರಿ" ಎನ್ನುತ್ತಿದ್ದರು. ಅದನ್ನು ಕಟ್ಟಿಗೆ ಸೇರಿಸಿ ಎಡಗೈ ಮೇಲೆತ್ತಿ, "ಈ ಕೈ ನೋಡ್ರಿ" ಅಂದರೆ ರೋಗಿಯ ಕಣ್ಣು ಅಲ್ಲಿಗೇ. ಅಷ್ಟರಲ್ಲಿ ಬಲಗೈ ಎಲೆಯನ್ನು ಮಾಯ ಮಾಡಿರುತ್ತಿತ್ತು, ಡಾಕ್ಟರು ಚುಚ್ಚಿ ಮುಗಿಸಿರುತ್ತಿದ್ದರು.

ನಾನು ಜ್ವರವೆಂದು ಹೋಗಿದ್ದ ದಿನ ಅವರ ಕಾಲಿಗೇ ತುಕ್ಕು ಮೊಳೆ ಹೊಕ್ಕಿತು. ಡಾಕ್ಟರು ಗಾಜಿನ ಸಿರಿಂಜ್ ಹಿಡಿದು ಬಂದದ್ದೇ ಕಾಂಪೌಂಡರ್ ಮುಖ ಬಿಳುಚಿಕೊಂಡಿತು.

"ಸಾರ್, ಮೊದ್ಲು ನೀವೊಂದು ಎಲೆ ತಗೀರಿ."

ಡಾಕ್ಟರು ತೆಗೆದರು. ಎಲೆ ಮಾಯವಾಯಿತು. ವರ್ಷಗಟ್ಟಲೆ ನೋಡಿದ್ದ ಆಟವೇ ಆದರೂ ಡಾಕ್ಟರು ಸಿರಿಂಜ್ ಕೆಳಗಿಟ್ಟು ಮೇಜಿನಡಿ ಹುಡುಕತೊಡಗಿದರು. ಕಾಂಪೌಂಡರ್ ಕುಂಟುತ್ತಾ ಹೊರಗೆ ಬಂದರು.

ಸರದಿಯಲ್ಲಿದ್ದ ಗೌರಸಮುದ್ರದ ಅಜ್ಜಿ ಅವರ ರಟ್ಟೆ ಹಿಡಿದಳು. "ಎಲ್ಲಿಗೆ ಹೋಗ್ತೀಯಪ್ಪ? ಬಾ, ನಾನು ಹಿಡ್ಕೋತೀನಿ."

ಒಳಗೆ ಕೂರಿಸಿದಾಗ ಅವರು ಕಣ್ಣು ಬಿಗಿಯಾಗಿ ಮುಚ್ಚಿದರು.

"ಅಲ್ರೀ, ಆ ಎಲೆ ಎಲ್ಲಿ ಹೋಯ್ತು?" ಎಂದು ಡಾಕ್ಟರು ಕೇಳಿದರು.

ಕಾಂಪೌಂಡರ್ ಉತ್ಸಾಹದಿಂದ ಕಣ್ಣು ತೆರೆದರು. "ನಿಮ್ಮ ಕೋಟಿನ ಜೇಬಿನಾಗೇ ಐತೆ ಸಾರ್. ನೀವು ಎಡಗೈ ನೋಡ್ತಿದ್ರಲ್ಲ, ಆವಾಗ..."

ಅವರು ವಿವರಿಸಿ ಮುಗಿಸುವಷ್ಟರಲ್ಲಿ ಅಜ್ಜಿ ಅವರ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಳು.