ಹೂವಿನ ಹಿಂದಿನ ಕೆಂಪು ದೀಪ

ಪುಟ್ಟಿ, ಚಿನ್ನು, ಕಾರು ಹತ್ತಿದ ಕೂಡಲೇ ಅಜ್ಜಿ ಸ್ಟೇರಿಂಗ್ ಕಡೆ ಬಗ್ಗಿ ನೋಡುತ್ತಾಳೆ ಎಂದು ನಗುತ್ತೀರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನಗೆ ಈಗಲೂ ಸಂಕೋಚ.

ಚಿನ್ನು ಹುಟ್ಟಿದ್ದು ಅಮಾವಾಸ್ಯೆಯ ದಿನ. ನಿಮ್ಮಮ್ಮನ ಹೆರಿಗೆಗೆಂದು ನಾನು ಹರಿಹರದ ನಿಮ್ಮ ಮನೆಗೆ ಬಂದಿದ್ದೆ. ಬೆಳಿಗ್ಗೆ ನಿಮ್ಮಪ್ಪ ಕಾರಿಗೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸ್ಟೇರಿಂಗಿನ ಮುಂದಿನ ಮೀಟರಿನ ಮೇಲೆ ದಪ್ಪನೆಯ ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದರು. ಮಧ್ಯಾಹ್ನ ನಿಮ್ಮಮ್ಮನಿಗೆ ನೋವು ಶುರುವಾಯಿತು. ಇನ್ನೂ ದಿನ ತುಂಬಿರಲಿಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆಸ್ಪತ್ರೆಗೆ ಹೊರಟೆವು. ಅವಳು ಹಿಂದಿನ ಸೀಟಿನಲ್ಲಿ ಮಲಗಿದಳು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಮುಂದೆ ಕೂತೆ.

ಊರು ದಾಟಿದ ಮೇಲೆ ಹೂವಿನ ಸಂದಿಯಲ್ಲಿ ಕೆಂಪಗೆ ಏನೋ ಕಂಡಿತು. ನಾನು ಪಕ್ಕದಿಂದ ನೋಡುತ್ತಿದ್ದೆ. ನಿಮ್ಮಪ್ಪನಿಗೆ ಮಾಲೆ ಅಡ್ಡವಾಗಿತ್ತು. ಕಾರು ಟಿಣ್ ಟಿಣ್ ಎನ್ನುತ್ತಲೂ ಇತ್ತು. ನಾನು ಬೆಲ್ಟ್ ಹಾಕಿರಲಿಲ್ಲ, ಅದಕ್ಕೇ ಕೂಗುತ್ತದೆ ಎಂದು ಅವರು ತಿಳಿದಿದ್ದರು. ಮೀಟರಿನಲ್ಲಿನ ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ. ಆದರೆ ನಿಮ್ಮಮ್ಮ ಹಿಂದೊಮ್ಮೆ ಹೇಳಿಕೊಟ್ಟಿದ್ದಳು: ಹಳದಿ ದೀಪ ಬಂದರೆ ನಿಧಾನವಾಗಿ ಹೋಗಿ ಗ್ಯಾರೇಜಿನಲ್ಲಿ ತೋರಿಸಬಹುದು, ಕೆಂಪು ಬಂದರೆ ಅಲ್ಲೇ ನಿಲ್ಲಿಸಬೇಕು.

ನಿಲ್ಲಿಸಿ, ರಸ್ತೆಯಲ್ಲೇ ಹೆರಿಗೆಯಾದರೆ? ನಿಲ್ಲಿಸದೆ, ಕಾರಿಗೆ ಬೆಂಕಿ ಹತ್ತಿದರೆ? ಮೇಲಾಗಿ ನಮ್ಮಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಊಟಕ್ಕೆ ಕರೆಯುವುದೂ ಮಗುವಿನ ಬಾಯಲ್ಲೇ. ಪುಟ್ಟಿಯ ಕಿವಿಯಲ್ಲಿ ಹೇಳಿದೆ: "ನಿಮ್ಮಪ್ಪಗೆ ಹೇಳವ್ವ, ಹೂವಿನ ಹಿಂದೆ ಕೆಂಪು ದೀಪ ಐತೆ ಅಂತ."

ಪುಟ್ಟಿ, ನೀನು "ಅಪ್ಪಾ, ನಂಗೆ ಹೂವು" ಎಂದು ಕೈಚಾಚಿದೆ. ಅವರು ತಿರುಗಲೂ ಇಲ್ಲ. ಹಿಂದೆ ನಿಮ್ಮಮ್ಮ ನರಳಿದಳು.

"ಗಾಡಿ ನಿಲ್ಸ್ರಿ" ಎಂದುಬಿಟ್ಟೆ. "ಕೆಂಪು ದೀಪ ಬಂದೈತೆ."

ಅವರು ನನ್ನನ್ನೊಮ್ಮೆ ನೋಡಿದರು. ಮಾಲೆ ಎತ್ತಿದವರೇ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ನೀರೆಲ್ಲ ಸೋರಿ ಇಂಜಿನ್ ಕಾದಿದೆ, ಇನ್ನು ಹೋಗದು ಎಂದು ರಸ್ತೆಗೆ ಓಡಿ ಒಂದು ಆಟೋಗೆ ಅಡ್ಡ ನಿಂತರು.

ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಚಿನ್ನು ಹುಟ್ಟಿದ. ಅವನ ಅಳು ಕೇಳುವವರೆಗೆ, ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಗೋಡೆ ಹಿಡಿದು ಯೋಚಿಸುತ್ತಿದ್ದೆ.

ಈಗ ನಿಮ್ಮಪ್ಪ ಮಾಲೆಯನ್ನು ಕಾರಿನ ಹೊರಗೇ ಕಟ್ಟುತ್ತಾರೆ. ಆದರೂ ಟಿಣ್ ಎಂದರೆ ನಾನು ಮೀಟರಿನ ಕಡೆ ಬಗ್ಗಿ ನೋಡುತ್ತೇನೆ. ಮುಂದೆ ನೀವೂ ಗಾಡಿ ಓಡಿಸುವವರು. ಈ ಹಾಳೆಗಳನ್ನು ಕಾರಿನ ಕಾಗದಪತ್ರ ಇಡುವ ಖಾನೆಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳಿ.