ಅಸುರರು ಯಾವ ಬೀದಿಗೆ?

ತಿಪಟೂರಿನ ಸರ್ಕಲ್ಲೊಂದರಲ್ಲಿ ಸಮುದ್ರ ಮಥನದ ಸಿಮೆಂಟ್ ಮೂರ್ತಿಗಳನ್ನು ನಿಲ್ಲಿಸುತ್ತಿದ್ದೆ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ಹಗ್ಗದ ಹಾಗೆ ಹಾವು. ಅಸುರರ ಸಾಲು ತಮ್ಮ ಕಡೆ ಬೇಡವೇ ಬೇಡ ಅಂತ ಎರಡೂ ಬೀದಿಯವರು ಜಗಳಕ್ಕೆ ನಿಂತರು. ಎರಡು ಸಲ ಕಿತ್ತು ತಿರುಗಿಸಿ ನನ್ನ ಸೊಂಟ ಬಿದ್ದುಹೋಯಿತು.

ಮೂರನೇ ಸಲ ಹಾರೆ ಹಿಡಿದಾಗ, ಎದುರಿನ ಮಂಡಿಯಲ್ಲಿ ಚಿಪ್ಪೊಡೆದು ಕೊಬ್ಬರಿ ಬಿಡಿಸುವ ಹೆಂಗಸೊಬ್ಬಳು ಬಂದಳು.

"ಅಮೃತ ತೆಗೆಯೋಕೆ ಇವ್ರೂ ಎಳೆದ್ರಲ್ವಾ ಸಾ?"

"ಎಳೆದ್ರು ಕಣಮ್ಮ. ಕುಡಿಯೋಕೆ ಸಿಗಲಿಲ್ಲ ಅಷ್ಟೆ."

"ಹಂಗಾದ್ರೆ ನಮ್ಮೋರೇ ಬುಡಿ. ಇಲ್ಲೇ ಇರ್ಲಿ."

ಮರುದಿನ ಬಣ್ಣ ಬಳಿಯಲು ಹೋದರೆ, ಅಸುರರ ತೋಳುಗಳಲ್ಲಿ ಮಂಡಿ ಹೆಂಗಸರ ಊಟದ ಚೀಲಗಳು ನೇತಾಡುತ್ತಿದ್ದವು. ತೆಗೀರಿ ಅನ್ನುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಚೀಲ ಇದ್ದಷ್ಟು ಜಾಗ ಬಿಟ್ಟು ಬಳಿದೆ.